ಹಳೆಯ ಗಣಿಗಳೂ ಊರಿನ ಜನರೂ

ಗಣಿಯೊಂದು ಮುಚ್ಚಿತೆಂದರೆ ಅದರ ಬಾಗಿಲಿಗೆ ಎಲ್ಲರಿಗಿಂತ ಮೊದಲು ಬರುವವನು ಹಳೆಯ ಕಬ್ಬಿಣದ ವ್ಯಾಪಾರಿ. ಅವನ ದೃಷ್ಟಿಯಲ್ಲಿ ಯಂತ್ರವೆಂದರೆ ಇಷ್ಟು ಮಣ ಲೋಹ, ಅಷ್ಟೇ. ಇತಿಹಾಸವನ್ನು ಬರೆಯತಕ್ಕವರು ಬರುವುದು ಎಷ್ಟೋ ವರ್ಷಗಳ ತರುವಾಯ; ಅಷ್ಟರಲ್ಲಿ ಅಲ್ಲಿ ಬಿದ್ದ ಗೋಡೆಯೂ ಮುಳ್ಳಿನ ಪೊದೆಯೂ ಹೊರತು ಬೇರೇನೂ ಉಳಿದಿರುವುದಿಲ್ಲ. ಕೋಟೆ ಸೂರೆಹೋದ ಮೇಲೆ ದಿಡ್ಡಿಬಾಗಿಲು ಹಾಕುವ ಈ ಕ್ರಮವು ಲೋಕದಲ್ಲೆಲ್ಲ ಸಾಮಾನ್ಯವಾದುದು. ಆದರೆ ೧೯೩೫ನೆಯ ಇಸವಿಯಲ್ಲಿ, ಬ್ರಿಟನ್ನಿನ ನೈಋತ್ಯದ ತುದಿಯಾದ ಕಾರ್ನ್‌ವಾಲ್ ಪ್ರಾಂತದಲ್ಲಿ, ಈ ಕ್ರಮವು ಒಮ್ಮೆ ತಲೆಕೆಳಗಾಯಿತು. ಅಲ್ಲಿನ ಲೆವಾಂಟ್ ಎಂಬ ಗಣಿಯ ಹಳೆಯ ಉಗಿಯಂತ್ರವು ಒಡೆದು ಮಾರಾಟವಾಗುವ ಹೊತ್ತಿಗೆ ಸ್ಥಳೀಯರು ಕೆಲವರು ಕೂಡಿ ಒಂದು ಸಮಿತಿಯನ್ನು ಕಟ್ಟಿ ಅದನ್ನು ಉಳಿಸಿಕೊಂಡರು. ಸರಕಾರದ ಆಜ್ಞೆಯಿಲ್ಲ, ವಿಶ್ವವಿದ್ಯಾಲಯದ ಪ್ರೇರಣೆಯಿಲ್ಲ. ತಮ್ಮ ಊರಿನ ಕೆಲಸವು ಹೇಗಿದ್ದಿತೆಂಬುದಕ್ಕೆ ಸಾಕ್ಷಿಯೊಂದು ನಿಲ್ಲಲೆಂಬ ಅಭಿಮಾನವೊಂದೇ ಅವರ ಮೂಲಧನವಾಗಿದ್ದಿತು.

ಏಳು ಸಮುದ್ರಗಳಾಚೆಯ ಈ ಸಂಗತಿಯನ್ನು ನಮ್ಮ ವಾಚಕರ ಮುಂದಿಡುವುದಕ್ಕೆ ಕಾರಣವಿದೆ. ಕಾರ್ನ್‌ವಾಲಿನ ಗಣಿಗಳಿಗೂ ನಮ್ಮ ಕೋಲಾರದ ಚಿನ್ನದ ಗಣಿಗಳಿಗೂ ಇರುವ ಸಂಬಂಧವು ದೂರದ್ದಲ್ಲ. ಆ ಪ್ರಾಂತದ ಗಣಿಗಳಲ್ಲಿ ಹೆಸರು ಮಾಡಿದ ಟೇಲರ್ ಮನೆತನದ ವ್ಯಾಪಾರಸಂಸ್ಥೆಯೇ ಕೋಲಾರದ ಗಣಿಗಳನ್ನೂ ನಡೆಸಿತು. ಅಲ್ಲಿಯ ಗಣಿಗಾರರೇ ಇಲ್ಲಿಗೆ ಮೇಲ್ವಿಚಾರಕರಾಗಿ ಬಂದರು. ಹೀಗೆ ಒಂದೇ ಕಸುಬಿನ ಎರಡು ಕೊನೆಗಳಲ್ಲಿ ಒಂದು ಕೊನೆಯವರು ತಮ್ಮ ಹಳೆಯದನ್ನು ಹೇಗೆ ನೋಡಿಕೊಂಡರೆಂಬುದನ್ನು ತಿಳಿದರೆ, ಇನ್ನೊಂದು ಕೊನೆಯವರಾದ ನಾವು ಏನು ಮಾಡಿದ್ದೇವೆಂದು ಕೇಳಿಕೊಳ್ಳುವುದು ಸುಲಭವಾದೀತು.

ಕಾರ್ನ್‌ವಾಲ್ ಸಣ್ಣ ಸೀಮೆ. ಮೂರು ದಿಕ್ಕಿಗೂ ಸಮುದ್ರ. ನೆಲದಡಿಯಲ್ಲಿ ತವರ ಮತ್ತು ತಾಮ್ರ. ಆದರೆ ಕಲ್ಲಿದ್ದಲು ಮಾತ್ರ ಅಲ್ಲಿ ಇಲ್ಲ; ಅದು ಹಡಗಿನ ಮೇಲೆ ವೇಲ್ಸಿನಿಂದ ಬರಬೇಕು. ಗಣಿಯು ಆಳವಾದಷ್ಟೂ ನೀರು ಉಕ್ಕುವುದು. ನೀರನ್ನೆತ್ತಲು ಯಂತ್ರ ಬೇಕು. ಯಂತ್ರಕ್ಕೆ ಇದ್ದಲು ಬೇಕು. ಇದ್ದಲಿಗೆ ಹಣ ತೆರಬೇಕು. ಈ ಸಂಕಟದಿಂದಲೇ ಆ ಸೀಮೆಯ ಬುದ್ಧಿಯು ಸಾಣೆಗೊಂಡಿತೆನ್ನಬಹುದು. ಜೇಮ್ಸ್ ವಾಟನ ಯಂತ್ರಗಳನ್ನು ಬಳಸುತ್ತಿದ್ದ ಕಾಲದಲ್ಲಿ, ಉಳಿತಾಯವಾದ ಇದ್ದಲಿನ ಬೆಲೆಯಲ್ಲಿ ಮೂರನೆಯ ಒಂದು ಪಾಲನ್ನು ಗಣಿಯವರು ಅವನ ಸಂಸ್ಥೆಗೆ ಕಪ್ಪವಾಗಿ ಕೊಡಬೇಕಾಗಿದ್ದಿತು. ೧೮೦೦ರಲ್ಲಿ ಅವನ ಹಕ್ಕಿನ ಅವಧಿಯು ಮುಗಿಯಿತು. ಅಲ್ಲಿಂದ ಮುಂದೆ ಸ್ಥಳೀಯ ಯಂತ್ರಕಾರರು ಹೆಚ್ಚಿನ ಒತ್ತಡದ ಉಗಿಯನ್ನು ಪಳಗಿಸಿ ತಮ್ಮದೇ ಒಂದು ಬಗೆಯನ್ನು ಕಟ್ಟಿ ನಿಲ್ಲಿಸಿದರು. ನಮ್ಮ ಹೊಲಗಳ ಏತವನ್ನು ಬಲ್ಲವರಿಗೆ ಅದರ ರೂಪವು ಕೂಡಲೆ ಕಣ್ಣಿಗೆ ಕಟ್ಟೀತು: ಎತ್ತರದ ಕಲ್ಲುಗೋಡೆಯ ನೆತ್ತಿಯ ಮೇಲೆ ತೂಗಾಡುವ ಭಾರಿ ಕಬ್ಬಿಣದ ತೊಲೆ, ಅದರ ಒಂದು ತುದಿಯನ್ನು ಒಳಗಿನಿಂದ ಉಗಿಯು ಎಳೆದರೆ ಇನ್ನೊಂದು ತುದಿಯು ಹೊರಗೆ ಗಣಿಬಾವಿಯ ನೀರನ್ನೆತ್ತುವುದು. ಏತದ ಮೇಲೆ ನಡೆದಾಡುವ ಮನುಷ್ಯನ ಸ್ಥಾನದಲ್ಲಿ ಉಗಿಯು ನಿಂತಿತು, ಅಷ್ಟೆ.

ಇಲ್ಲಿ ಒಂದು ವಿಷಯವನ್ನು ವಿಶೇಷವಾಗಿ ಹೇಳಬೇಕು. ೧೮೧೧ರಿಂದ ಜೋಯಲ್ ಲೀನ್ ಎಂಬವನು ಆ ಸೀಮೆಯ ಯಂತ್ರಗಳ ಕೆಲಸದ ಲೆಕ್ಕವನ್ನು ತಿಂಗಳು ತಿಂಗಳಿಗೆ ಅಚ್ಚು ಹಾಕಿಸತೊಡಗಿದನು. ಇಂತಿಷ್ಟು ಇದ್ದಲಿಗೆ ಯಾವ ಗಣಿಯ ಯಂತ್ರವು ಎಷ್ಟು ನೀರನ್ನು ಎತ್ತಿತೆಂಬುದು ಎಲ್ಲರಿಗೂ ಬಹಿರಂಗವಾಯಿತು. ಹೆಚ್ಚು ಎತ್ತಿದವನಿಗೆ ಹೆಮ್ಮೆ, ಕಡಮೆ ಎತ್ತಿದವನಿಗೆ ನಾಚಿಕೆ. ಪರಿಣಾಮವಾಗಿ ಎಲ್ಲ ಯಂತ್ರಗಳೂ ಸುಧಾರಿಸಿದುವು. ಲೆಕ್ಕವನ್ನು ಬರೆದಿಡುವ ಈ ಅಭ್ಯಾಸವೇ ಮುಂದೆ ಆ ಜನರಿಗೆ ತಮ್ಮ ಹಳೆಯದನ್ನು ಶೋಧಿಸಲು ನೆಲೆಯಾಯಿತು. ಬರೆದಿಟ್ಟ ಕಾಗದವಿಲ್ಲದ ಕಡೆ ಎಷ್ಟೇ ದೇಶಾಭಿಮಾನವಿದ್ದರೂ ಇತಿಹಾಸವು ಕಟ್ಟುಕಥೆಯಾಗುವುದು.

ಲೆವಾಂಟ್ ಗಣಿಯು ಅಟ್ಲಾಂಟಿಕ್ ಸಮುದ್ರದ ದಡದ ಕಡಿದಾದ ಬಂಡೆಯ ಅಂಚಿನಲ್ಲಿದೆ. ಅದರ ಸುರಂಗಗಳು ಸಮುದ್ರದ ತಳದಡಿಯಲ್ಲಿ ಒಂದು ಮೈಲಿಯವರೆಗೆ ಹೋಗಿದ್ದುವು. ಹೇಲ್ ಊರಿನ ಹಾರ್ವೆ ಕಂಪನಿಯವರು ೧೮೪೦ರಲ್ಲಿ ಮಾಡಿಕೊಟ್ಟ ಯಂತ್ರವೊಂದು ಅಲ್ಲಿ ಅದಿರನ್ನು ಮೇಲಕ್ಕೆ ಸೇದುತ್ತಿದ್ದಿತು; ೧೯೩೦ರಲ್ಲಿ ಗಣಿಯು ಮುಚ್ಚುವವರೆಗೆ, ಅಂದರೆ ತೊಂಬತ್ತು ವರ್ಷಗಳ ಕಾಲ, ಅದು ದುಡಿಯಿತು. ಆದರೆ ಲೆವಾಂಟಿನ ಹೆಸರು ಆ ಸೀಮೆಯವರ ಮನಸ್ಸಿನಲ್ಲಿ ನೆಲೆಸಿರುವುದು ಈ ಯಂತ್ರದಿಂದಲ್ಲ, ಇನ್ನೊಂದರಿಂದ. ಕಾರ್ಮಿಕರು ಇಳಿದು ಹತ್ತಲು ಅಲ್ಲಿ ಮರದ ಉದ್ದನೆಯ ಕೋಲೊಂದನ್ನು ಗಣಿಬಾವಿಯಲ್ಲಿ ಇಳಿಬಿಟ್ಟು, ಅದಕ್ಕೆ ಮೆಟ್ಟಿಲುಹಲಗೆಗಳನ್ನು ಹೊಡೆದಿದ್ದರು. ಕೋಲು ಯಂತ್ರಬಲದಿಂದ ಮೇಲಕ್ಕೂ ಕೆಳಕ್ಕೂ ಆಡುತ್ತಿದ್ದಿತು. ಕೋಲಿನ ಹಲಗೆಯಿಂದ ಗೋಡೆಯ ಹಲಗೆಗೆ, ಅಲ್ಲಿಂದ ಮತ್ತೆ ಕೋಲಿಗೆ, ಹೀಗೆ ಕಾಲು ಬದಲಿಸುತ್ತ ಜನರು ಮೇಲೇರುವರು. ೧೯೧೯ನೆಯ ಇಸವಿ ಅಕ್ಟೋಬರ್ ೨೦ರಂದು, ಪಾಳಿ ಮುಗಿಸಿ ಬರುತ್ತಿದ್ದವರಿಂದ ಆ ಕೋಲು ತುಂಬಿದ್ದಾಗ, ಅದರ ಮೇಲಣ ಕಟ್ಟು ಮುರಿಯಿತು. ಮೂವತ್ತೊಂದು ಮಂದಿ ಸತ್ತರು. ಸುತ್ತಣ ಹಳ್ಳಿಗಳಲ್ಲಿ ಆ ಹೆಸರುಗಳು ಇನ್ನೂ ಮನೆಮಾತು.

ಹದಿನಾರು ವರ್ಷಗಳ ಮೇಲೆ ಹುಟ್ಟಿದ ಸಮಿತಿಗೆ ಕಾರ್ನಿಷ್ ಯಂತ್ರಗಳ ಸಂರಕ್ಷಣ ಸಮಿತಿಯೆಂದು ಹೆಸರು. ಮೊದಲು ಅದರ ಗುರಿ ಲೆವಾಂಟಿನ ಆ ಒಂದು ಯಂತ್ರ ಮಾತ್ರ. ಒಂದನ್ನು ಉಳಿಸಿದ ಬಳಿಕ ಇನ್ನೊಂದರ ಮೊರೆ ಕೇಳಿಸುವುದು ಸಹಜವಷ್ಟೆ. ೧೯೫೦ರ ದಶಕದಲ್ಲಿ ಈಸ್ಟ್ ಪೂಲ್ ಮತ್ತು ಸೌತ್ ಕ್ರಾಫ್ಟಿ ಗಣಿಗಳ ಭಾರಿ ನೀರೆತ್ತುವ ಯಂತ್ರಗಳು ಕೆಲಸ ನಿಲ್ಲಿಸಿದಾಗ ಅವೂ ಉಳಿದುವು. ೧೯೬೭ರಲ್ಲಿ ಸಂಘದವರು ತಮ್ಮ ವಶದಲ್ಲಿದ್ದ ಯಂತ್ರಗಳನ್ನು ನ್ಯಾಷನಲ್ ಟ್ರಸ್ಟಿಗೆ ಒಪ್ಪಿಸಿದರು. ಸ್ವಂತಕ್ಕೆ ಇಟ್ಟುಕೊಂಡು ಮೆರೆಯುವ ಚಪಲಕ್ಕೆ ಬೀಳದೆ, ಬಾಳಿಕೆಯುಳ್ಳ ಸಂಸ್ಥೆಗೆ ಸಕಾಲದಲ್ಲಿ ಕೊಟ್ಟುಬಿಟ್ಟುದನ್ನು ನಾವು ಅವರ ವಿವೇಕವೆಂದು ಎಣಿಸುತ್ತೇವೆ. ಸಂಘಗಳು ಸಾಯುವುದು ಬಹುತರವಾಗಿ ಪದಾಧಿಕಾರಿಗಳ ಈ ಚಪಲದಿಂದಲೇ.

ಉಳಿಸಿದುದಾಯಿತು, ಆದರೆ ಸಮುದ್ರದ ಉಪ್ಪುಗಾಳಿಯಲ್ಲಿ ನಿಂತ ಯಂತ್ರವು ತುಕ್ಕು ಹಿಡಿಯದೆ ಬಿಟ್ಟೀತೆ? ೧೯೮೪ರಲ್ಲಿ ಸ್ವಯಂಸೇವಕರ ಗುಂಪೊಂದು ಲೆವಾಂಟಿನ ಯಂತ್ರವನ್ನು ಮತ್ತೆ ನಡೆಸಿಯೇ ತೀರುವೆವೆಂದು ಕೆಲಸಕ್ಕಿಳಿಯಿತು. ಮೈಯೆಲ್ಲ ಜಿಡ್ಡು ಮೆತ್ತಿಕೊಂಡು ದುಡಿಯುತ್ತಿದ್ದುದರಿಂದ ಅವರಿಗೆ ಜಿಡ್ಡಿನ ತಂಡವೆಂದೇ ಅಡ್ಡಹೆಸರು ಬಿದ್ದಿತು. ಒಂದೊಂದು ಭಾಗವನ್ನೂ ಬಿಚ್ಚಿ, ತುಕ್ಕು ಕೆರೆದು, ಸವೆದುದನ್ನು ಹೊಸದಾಗಿ ಮಾಡಿಸಿ ಕೂಡಿಸುತ್ತ ವರ್ಷಗಳೇ ಕಳೆದುವು. ೧೯೯೦ರ ದಶಕದ ಆರಂಭದಲ್ಲಿ, ಅರವತ್ತು ವರ್ಷಗಳ ಮೌನದ ತರುವಾಯ, ಆ ಯಂತ್ರವು ಉಗಿಯನ್ನು ಉಂಡು ತಿರುಗಿತು. ಸಂಬಳಕ್ಕೆ ದುಡಿದವರು ಇಷ್ಟು ತಾಳ್ಮೆಯನ್ನು ತೋರಿಸುತ್ತಿದ್ದರೋ ಇಲ್ಲವೋ, ಸಂದೇಹವೇ.

ಮೊದಲಿನ ಸಮಿತಿಯು ಬೆಳೆದು ಈಗ ಟ್ರೆವಿಥಿಕ್ ಸೊಸೈಟಿಯೆಂದು ಪ್ರಸಿದ್ಧವಾಗಿದೆ. ರಿಚರ್ಡ್ ಟ್ರೆವಿಥಿಕ್ ಆ ಸೀಮೆಯ ಮಗ; ೧೮೦೧ರ ಕ್ರಿಸ್‌ಮಸ್ಸಿನ ಹಿಂದಿನ ದಿನ ಕ್ಯಾಂಬೋರ್ನ್ ಊರಿನ ಏರುದಾರಿಯಲ್ಲಿ ಉಗಿಯ ಬಂಡಿಯನ್ನು ಓಡಿಸಿದವನು; ೧೮೩೩ರಲ್ಲಿ ಬಡವನಾಗಿ ಸತ್ತವನು. ಆ ಬಂಡಿಯು ಕೆಲವೇ ದಿನಗಳಲ್ಲಿ ಸುಟ್ಟುಹೋಗಿದ್ದಿತು. ಇನ್ನೂರು ವರ್ಷ ತುಂಬಿದ ೨೦೦೧ರಲ್ಲಿ ಸೊಸೈಟಿಯವರು ಅದರ ಪ್ರತಿರೂಪವೊಂದನ್ನು ಕಟ್ಟಿ ಅದೇ ಊರಿನ ಬೀದಿಯಲ್ಲಿ ಓಡಿಸಿದರು. ಪುಸ್ತಕದ ಶೋಧನೆಯು ಕಮ್ಮಾರಸಾಲೆಯ ಶೋಧನೆಯಾಗಿ ಮುಗಿದುದಕ್ಕೆ ಇದೊಂದು ಉದಾಹರಣೆ. ಹಾಗೆಯೇ, ಗಣಿವಿದ್ಯಾಶಾಲೆಯ ವಿದ್ಯಾರ್ಥಿಗಳು ಒಂದು ಕಾಲಕ್ಕೆ ಕೆಲಸ ಕಲಿಯುತ್ತಿದ್ದ ಕಿಂಗ್ ಎಡ್ವರ್ಡ್ ಗಣಿಯಲ್ಲಿ, ಅದಿರನ್ನು ಕುಟ್ಟುವ, ತೊಳೆಯುವ, ಜಾಲಿಸುವ ಹಳೆಯ ಸಲಕರಣೆಗಳನ್ನು ಸ್ವಯಂಸೇವಕರು ಒಂದೊಂದಾಗಿ ನಡೆಯುವ ಸ್ಥಿತಿಗೆ ತಂದಿದ್ದಾರೆ.

ಇಷ್ಟನ್ನು ಮೆಚ್ಚಿಯೂ ನಮ್ಮ ಆಕ್ಷೇಪವೊಂದನ್ನು ಹೇಳದಿರಲಾಗದು. ಮೊದಲಿನ ಆ ಮಹನೀಯರ ಪ್ರೀತಿಯು ಯಂತ್ರದ ಮೇಲೆ ಸುರಿದಷ್ಟು ಯಂತ್ರವನ್ನು ನಡೆಸಿದವನ ಮೇಲೆ ಸುರಿಯಲಿಲ್ಲ. ತೊಲೆಯ ಉದ್ದ, ಸಿಲಿಂಡರಿನ ಅಗಲ ಇವೆಲ್ಲಕ್ಕೂ ಅಂಗುಲದ ಲೆಕ್ಕವುಂಟು. ಗಣಿಯ ಬಾಯಲ್ಲಿ ಸುತ್ತಿಗೆ ಹಿಡಿದು ಅದಿರನ್ನೊಡೆದ ಹೆಣ್ಣುಮಕ್ಕಳ ಹೆಸರುಗಳನ್ನು ಜನಗಣತಿಯ ಪುಟಗಳಿಂದ ಹೆಕ್ಕುವ ಕೆಲಸವು ಬಹುಕಾಲದ ಮೇಲೆ ನಡೆಯಿತು. ಇದಕ್ಕೆ ತಕ್ಕ ಪ್ರಾಯಶ್ಚಿತ್ತವನ್ನು ಲೆವಾಂಟಿನ ನೆರೆಯ ಗೀವರ್ ಗಣಿಯಲ್ಲಿ ಕಾಣಬಹುದು. ಅದು ೧೯೯೦ರಲ್ಲಿ ಮುಚ್ಚಿತು. ಕೆಲವೇ ವರ್ಷಗಳಲ್ಲಿ ವಸ್ತುಸಂಗ್ರಹಾಲಯವಾಯಿತು. ಅಲ್ಲಿ ಪ್ರೇಕ್ಷಕರನ್ನು ನೆಲದಡಿಗೆ ಕರೆದೊಯ್ದವರು ಅಲ್ಲಿಯೇ ದುಡಿದಿದ್ದ ಗಣಿಗಾರರು. ಕಾರ್ಮಿಕರು ಬಟ್ಟೆ ಬದಲಿಸುತ್ತಿದ್ದ ಮನೆಯನ್ನು ಕೊನೆಯ ದಿನ ಅವರು ಬಿಟ್ಟುಹೋದಂತೆಯೇ ಉಳಿಸಿದ್ದಾರೆ: ಕೆಸರು ಹಿಡಿದ ಅಂಗಿ, ಬೂಟು, ಕಬ್ಬಿಣದ ಪೆಟ್ಟಿಗೆಯ ಬಾಗಿಲಿಗೆ ಅಂಟಿಸಿದ ಚೀಟಿ. ಸಿಲಿಂಡರಿನ ಅಳತೆಯು ಹೇಳಲಾರದ ಮಾತನ್ನು ಆ ಅಂಗಿಯು ಹೇಳುತ್ತದೆ.

ಕಾರ್ನ್‌ವಾಲ್ ಮತ್ತು ಪಶ್ಚಿಮ ಡೆವನ್ನಿನ ಗಣಿಪ್ರದೇಶಗಳನ್ನು ಯುನೆಸ್ಕೋ ಸಂಸ್ಥೆಯು ವಿಶ್ವಪರಂಪರೆಯ ಪಟ್ಟಿಗೆ ಸೇರಿಸಿದುದು ೨೦೦೬ರಲ್ಲಿ. ಸಮಿತಿಯು ಹುಟ್ಟಿ ಆಗಲೇ ಎಪ್ಪತ್ತೊಂದು ವರ್ಷ. ಅಧಿಕಾರದ ಮುದ್ರೆಯು ಎಂದಿಗೂ ಹೀಗೆಯೇ. ಮದುವೆಯೆಲ್ಲ ಮುಗಿದ ಮೇಲೆ ಬರುವ ದೊಡ್ಡ ಬೀಗರಂತೆ.

ಇನ್ನು ನಮ್ಮ ಕಡೆಯ ಕಥೆ. ೧೮೬೬ರ ಸುಮಾರಿಗೆ ತಾಮ್ರದ ಬೆಲೆ ಬಿದ್ದು ಕಾರ್ನ್‌ವಾಲಿನ ಗಣಿಗಳು ಸಾಲುಸಾಲಾಗಿ ಮುಚ್ಚಿದುವು. ಅಲ್ಲಿನ ಗಣಿಗಾರರು ಹೊಟ್ಟೆಪಾಡಿಗಾಗಿ ಅಮೆರಿಕ, ಆಸ್ಟ್ರೇಲಿಯ, ದಕ್ಷಿಣ ಆಫ್ರಿಕಗಳಿಗೆ ಹೊರಟರು. ಕೆಲವರು ಕೋಲಾರಕ್ಕೂ ಬಂದರು. ಕೋಲಾರದ ಚಿನ್ನವನ್ನು ಅವರು ಕಂಡುಹಿಡಿದರೆಂದು ಯಾರಾದರೂ ಹೇಳಿದರೆ ಅದು ಸುಳ್ಳು. ೧೮೦೨ರಲ್ಲಿ ಮೈಸೂರಿನ ಗಡಿಯ ಅಳತೆಗೆಂದು ಬಂದ ಲೆಫ್ಟಿನೆಂಟ್ ಜಾನ್ ವಾರನ್ ಉರಿಗಾಂ, ಮಾರಿಕುಪ್ಪಂ ಹಳ್ಳಿಗಳಲ್ಲಿ ನಮ್ಮ ಜನರು ಗುಂಡಿಗಳಿಂದ ಕಲ್ಲು ತೆಗೆದು ಕುಟ್ಟಿ ತೊಳೆದು ಚಿನ್ನವನ್ನು ಬೇರ್ಪಡಿಸುತ್ತಿದ್ದುದನ್ನು ಕಣ್ಣಾರೆ ಕಂಡು ಬರೆದಿದ್ದಾನೆ. ೧೮೭೦ರ ದಶಕದಲ್ಲಿ ಮೈಕೇಲ್ ಲವೆಲ್ ಎಂಬ ನಿವೃತ್ತ ಸಿಪಾಯಿಯು ಗಣಿಯ ಪರವಾನಿಗೆಯನ್ನು ಪಡೆದನು; ೧೮೮೦ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಪ್ರವೇಶಿಸಿತು. ಹಣವೆಲ್ಲ ಕರಗುತ್ತ ಬಂದು, ಬಿಟ್ಟುಹೋಗುವ ಮಾತು ಎದ್ದಿದ್ದಾಗ, ಉಳಿದುದರಲ್ಲೇ ಇನ್ನಷ್ಟು ಆಳಕ್ಕೆ ತೋಡಲಾಗಿ ಚಾಂಪಿಯನ್ ಎಂಬ ಸಮೃದ್ಧ ಸಿರವು ಸಿಕ್ಕಿತು. ಅವರಿಗೆ ದಾರಿ ತೋರಿಸಿದುವು ನಮ್ಮವರ ಹಳೆಯ ಗುಂಡಿಗಳೇ.

ಆಮೇಲಿನ ವೈಭವವನ್ನು ವಾಚಕರು ಬಲ್ಲರು. ೧೯೦೨ರಲ್ಲಿ ಶಿವನಸಮುದ್ರದಿಂದ ೯೦ ಮೈಲಿಗೂ ಹೆಚ್ಚು ದೂರದ ತಂತಿಯ ಮೇಲೆ ವಿದ್ಯುಚ್ಛಕ್ತಿಯು ಗಣಿಗಳಿಗೆ ಹರಿಯಿತು. ಬೆಂಗಳೂರಿನ ಬೀದಿಗಳು ಅದಕ್ಕಾಗಿ ೧೯೦೫ರವರೆಗೆ ಕಾಯಬೇಕಾಯಿತು. ಗಣಿಯು ಮೂರು ಕಿಲೋಮೀಟರಿಗೂ ಆಳಕ್ಕೆ ಇಳಿದು ಲೋಕದ ಅತ್ಯಂತ ಆಳದ ಗಣಿಗಳ ಸಾಲಿಗೆ ಸೇರಿತು. ಒಟ್ಟು ೮೦೦ ಟನ್ನಿಗೂ ಮೇಲ್ಪಟ್ಟು ಚಿನ್ನವು ಹೊರಬಂದಿತು. ಲಾಭವು ಲಂಡನ್ನಿನ ಪಾಲುಗಾರರಿಗೆ, ರಾಜಧನವು ಸಂಸ್ಥಾನಕ್ಕೆ. ಬಂಡೆ ಸಿಡಿತದ ಸಾವೂ ಧೂಳಿನ ಶ್ವಾಸರೋಗವೂ ಆರ್ಕಾಟು, ಚಿತ್ತೂರು, ಸೇಲಂ ಸೀಮೆಗಳಿಂದ ಬಂದ ಕೂಲಿಯವರಿಗೆ. ತನ್ನ ಊರಿನಲ್ಲಿ ಬಡ ಕೂಲಿಯಾಗಿದ್ದ ಕಾರ್ನ್‌ವಾಲಿನವನು ಇಲ್ಲಿ ಬಂಗಲೆಯ ದೊರೆಯಾದನು. ಇಲ್ಲಿಯವನು ತಟ್ಟಿಗೋಡೆಯ ಲೈನುಮನೆಯಲ್ಲಿ ಉಳಿದನು. ೧೯೫೬ರಲ್ಲಿ ಮೈಸೂರು ಸರಕಾರವು ಗಣಿಗಳನ್ನು ವಹಿಸಿಕೊಂಡಿತು. ೧೯೬೨ರಲ್ಲಿ ಅವು ಕೇಂದ್ರಕ್ಕೆ ಹೋದುವು. ೧೯೭೨ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಆಯಿತು. ೨೦೦೧ರ ಫೆಬ್ರವರಿ ೨೮ರಂದು ಬೀಗ ಬಿದ್ದಿತು. ಪಂಪುಗಳು ನಿಂತ ಮೇಲೆ ಸುರಂಗಗಳಲ್ಲಿ ನೀರು ತುಂಬಿತು. ಗಣಿಗಾರರ ಮಕ್ಕಳು ಈಗ ಬೆಳಗಿನ ಜಾವದ ರೈಲು ಹಿಡಿದು ಬೆಂಗಳೂರಿಗೆ ಕೆಲಸಕ್ಕೆ ಹೋಗಿ ರಾತ್ರಿ ಮರಳುತ್ತಾರೆ.

ಈ ನೆಲದಲ್ಲಿ ಉಳಿಸತಕ್ಕದ್ದು ಏನಿದೆ ಎಂದು ಕೇಳುವವರುಂಟು. ಗಣಿಬಾವಿಗಳ ನೆತ್ತಿಯ ಉಕ್ಕಿನ ಗೋಪುರಗಳು ಎಲ್ಲರ ಕಣ್ಣಿಗೂ ಬೀಳುತ್ತವೆ. ಕಣ್ಣಿಗೆ ಬೀಳದಿರುವುದೇ ಹೆಚ್ಚು. ಇಪ್ಪತ್ತನೆಯ ಶತಮಾನದ ಮೊದಲಲ್ಲಿ ಪಂಡಿತ ಅಯೋತಿದಾಸರ ಶಾಕ್ಯ ಬೌದ್ಧ ಸಂಘಕ್ಕೆ ಮಾರಿಕುಪ್ಪಂನಲ್ಲಿ ಶಾಖೆಯಿದ್ದಿತು. ಜಾತಿಯ ಭಾರವನ್ನು ಕೆಳಗಿಳಿಸಿದ ಗಣಿಗಾರರ ಚರಿತ್ರೆಯಲ್ಲಿ ಅದೊಂದು ದೊಡ್ಡ ಅಧ್ಯಾಯ. ೧೯೩೦ರಲ್ಲಿ, ಬೆರಳಚ್ಚು ಕೊಡಲೊಲ್ಲೆವೆಂದು, ಅಪರಾಧಿಗಳಂತೆ ತಮ್ಮನ್ನು ಗುರುತಿಸಬಾರದೆಂದು, ಸಾವಿರಾರು ಜನ ಕೆಲಸ ನಿಲ್ಲಿಸಿದರು. ೧೯೬೫ರಲ್ಲಿ ಎರಡು ಕಿಲೋಮೀಟರಿಗೂ ಮಿಗಿಲಾದ ಆಳದಲ್ಲಿ ವಿಜ್ಞಾನಿಗಳು ವಾತಾವರಣದಲ್ಲಿ ಹುಟ್ಟುವ ನ್ಯೂಟ್ರಿನೋ ಕಣಗಳ ಸುಳಿವನ್ನು ಹಿಡಿದರು. ಅವರನ್ನೂ ಅವರ ಉಪಕರಣಗಳನ್ನೂ ಆ ಆಳಕ್ಕೆ ಇಳಿಸಿದ ಗಣಿಗಾರರಾರೆಂದು ವಿಜ್ಞಾನದ ಪುಸ್ತಕಗಳಲ್ಲಿ ಹುಡುಕಿದರೆ ಸಿಗುವುದಿಲ್ಲ.

ಒಂದು ಹೊಸ ತುರ್ತೂ ಒದಗಿದೆ. ಅದಿರನ್ನು ಅರೆದು ಚಿನ್ನವನ್ನು ತೆಗೆದ ಮೇಲೆ ಉಳಿದ ಪುಡಿಮಣ್ಣು ಅಲ್ಲಿ ಗುಡ್ಡಗಳಾಗಿ ನಿಂತಿದೆ. ಊರವರು ಅವನ್ನು ಸೈನೈಡ್ ದಿಬ್ಬಗಳೆನ್ನುತ್ತಾರೆ. ಅವುಗಳಲ್ಲಿ ಹದಿಮೂರು ದಿಬ್ಬಗಳಿಂದ ಉಳಿದ ಚಿನ್ನವನ್ನು ತೆಗೆಯುವ ಕೇಂದ್ರದ ಪ್ರಸ್ತಾವಕ್ಕೆ ರಾಜ್ಯದ ಸಚಿವಸಂಪುಟವು ೨೦೨೪ರಲ್ಲಿ ಒಪ್ಪಿಗೆಯಿತ್ತಿತು. ಗಾಳಿ ಬೀಸಿದಾಗ ಮನೆಮನೆಗೂ ನುಗ್ಗುವ ಆ ಧೂಳು ತೊಲಗಿದರೆ, ನಾಲ್ಕು ಜನಕ್ಕೆ ಕೆಲಸ ದೊರೆತರೆ, ಅದಕ್ಕೆ ಅಡ್ಡಬರುವುದು ಅವಿವೇಕ. ಆದರೆ ಗುದ್ದಲಿ ಬೀಳುವ ಮುನ್ನ ಅಳತೆಯೂ ಚಿತ್ರವೂ ಆಗಬೇಕು. ಯಾವ ದಿಬ್ಬವು ಯಾವ ಗಣಿಯದು, ಯಾವ ಕಾಲದ್ದು ಎಂಬುದನ್ನು ಬಲ್ಲವರ ಬಾಯಿಂದ ಕೇಳಿ ಬರೆದುಕೊಳ್ಳಬೇಕು.

ಪರಕೀಯರು ನಮ್ಮ ನೆಲವನ್ನು ತೋಡಿ ಒಯ್ದ ಗುರುತನ್ನು ನಾವೇಕೆ ಕಾಪಾಡಬೇಕೆಂದು ದೇಶಾಭಿಮಾನಿಗಳಾದ ಕೆಲವು ಮಿತ್ರರು ಕೇಳಬಹುದು. ಈ ವಾದವು ನಮಗೆ ಒಪ್ಪಿಗೆಯಾಗದು. ಒಯ್ದವನು ಗುರುತನ್ನು ಕಾಪಾಡುವುದಿಲ್ಲ. ಗುರುತು ಅಳಿದಷ್ಟೂ ಅವನಿಗೇ ಅನುಕೂಲ. ತೋಡಿದವರು ನಮ್ಮವರು, ಆ ಗುರುತೂ ನಮ್ಮವರದೇ. ಹಸಿದವನಿಗೆ ವಸ್ತುಸಂಗ್ರಹಾಲಯವೇಕೆಂಬ ಇನ್ನೊಂದು ವಾದಕ್ಕೆ ಹೆಚ್ಚು ತೂಕವಿದೆ. ಕಾರ್ನ್‌ವಾಲಿನಲ್ಲಿಯೂ ಪ್ರೇಕ್ಷಕರ ಚೀಟಿಯ ಹಣವು ಗಣಿಯ ಕೂಲಿಗೆ ಸಮನಾಗಲಿಲ್ಲ. ೧೯೯೮ರಲ್ಲಿ ಸೌತ್ ಕ್ರಾಫ್ಟಿ ಮುಚ್ಚಿದಾಗ ಅಲ್ಲಿನವರ ಕಣ್ಣೀರನ್ನು ಯಾವ ಸಂಗ್ರಹಾಲಯವೂ ಒರೆಸಲಿಲ್ಲ. ಹೊಟ್ಟೆಯ ಪ್ರಶ್ನೆಗೆ ಉತ್ತರವನ್ನು ಸರಕಾರದಿಂದ ಕೇಳಬೇಕು, ಕೇಳುತ್ತಲೇ ಇರಬೇಕು. ಇದು ಬೇರೊಂದು ಕೆಲಸ. ಇದಕ್ಕೆ ಬೇಕಾದ ಹಣವು ಅಲ್ಪ.

ಕೋಲಾರದ ಚಿನ್ನದ ಗಣಿಯ ಪಟ್ಟಣದಲ್ಲಿ ಉಪಾಧ್ಯಾಯರಿದ್ದಾರೆ, ವಕೀಲರಿದ್ದಾರೆ, ನಿವೃತ್ತ ಗಣಿಗಾರರಿದ್ದಾರೆ. ಲೆವಾಂಟಿನವರಂತೆ ಆರೇಳು ಜನ ಕೂಡಿದರೆ ಆರಂಭಕ್ಕೆ ಸಾಕು. ಮನೆಮನೆಯ ಪೆಟ್ಟಿಗೆಗಳಲ್ಲಿರುವ ಕೂಲಿಚೀಟಿ, ಕೆಲಸದ ಬಿಲ್ಲೆ, ಛಾಯಾಚಿತ್ರಗಳನ್ನು ಪ್ರತಿ ಮಾಡಿಕೊಂಡು ಮೂಲವನ್ನು ಮನೆಯವರಿಗೇ ಹಿಂದಿರುಗಿಸಬೇಕು. ಮುದುಕರ ಮಾತನ್ನು ಅವರಾಡುವ ನುಡಿಯಲ್ಲಿಯೇ, ತಮಿಳಾಗಲಿ ತೆಲುಗಾಗಲಿ ಕನ್ನಡವಾಗಲಿ, ಬರೆದುಕೊಳ್ಳಬೇಕು. ನೆಲದಡಿಯ ತಿರುವುಗಳಿಗೆ ಗಣಿಗಾರರು ಇಟ್ಟುಕೊಂಡಿದ್ದ ಹೆಸರುಗಳು ಕಂಪನಿಯ ನಕ್ಷೆಯಲ್ಲಿರುವುದಿಲ್ಲ. ಈ ಪುಟವನ್ನು ಓದುವ ಅಧಿಕಾರಿಗಳಲ್ಲಿ ನಮ್ಮ ಬಿನ್ನಹವು ಇಷ್ಟೆ: ಗಣಿಯ ಕಚೇರಿಗಳಲ್ಲಿ ಉಳಿದಿರುವ ಹಾಜರಿಪುಸ್ತಕ, ಅಪಘಾತದ ದಾಖಲೆ, ನಕ್ಷೆಗಳನ್ನು ರದ್ದಿಯೆಂದು ವಿಲೇವಾರಿ ಮಾಡುವ ಮೊದಲು ಇಂಥವರಿಗೆ ತೋರಿಸಿರಿ, ಹಳೆಯ ಯಂತ್ರವನ್ನು ಹರಾಜಿಗಿಡುವ ಮೊದಲು ಅದರ ಹೆಸರನ್ನೂ ವಯಸ್ಸನ್ನೂ ಒಂದು ಕಾಗದದಲ್ಲಿ ಬರೆಯಿಸಿರಿ. ೧೯೫೬ರಲ್ಲಿ ಇಪ್ಪತ್ತರ ಪ್ರಾಯದಲ್ಲಿ ಚಾಂಪಿಯನ್ ರೀಫಿನ ಬಾವಿಗಿಳಿದವನಿಗೆ ಈಗ ತೊಂಬತ್ತರ ಸುಮಾರು. ಅಂಥವರು ಎಷ್ಟು ಮಂದಿ ಇದ್ದಾರೋ, ಅವರ ಮನೆಗಳಿಗೆ ಮೊದಲು ಹೋಗಬೇಕು. ಗೋಪುರಗಳು ಇನ್ನು ಕೆಲವು ವರ್ಷ ನಿಂತಾವು.